ಕುದುರೆಯೊಂದೇ ನಾಜಿ, ಸವಾರ ನಿರಪರಾಧಿ!

ಆಕಾಶದಲ್ಲಿ ಒಬ್ಬ ಸುಳ್ಳುಗಾರನ ದನಿ ಹೋಗ್ತಾ ಇದೆ.

ಇದು ಕವಿಯ ಉಪಮೆ ಅಲ್ಲ. 1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಹಾರಿಸಿದರು. ಒಂದೊಂದರಲ್ಲೂ ಚಿನ್ನದ ಲೇಪ ಕೊಟ್ಟ ತಾಮ್ರದ ತಟ್ಟೆ ಇದೆ. ಎಲ್ಲೋ ನಕ್ಷತ್ರಗಳಾಚೆ ಯಾರಾದರೂ ಸಿಕ್ಕರೆ ಕೇಳಿಸಿಕೊಳ್ಳಲಿ ಅಂತ ಅದರಲ್ಲಿ 55 ಭಾಷೆಗಳ ನಮಸ್ಕಾರ ತುಂಬಿದ್ದಾರೆ. ಕನ್ನಡದ್ದೂ ಇದೆ. ಕನ್ನಡಿಗರಿಗೆ ಇದರ ಬಗ್ಗೆ ಭಾರೀ ಹೆಮ್ಮೆ. ಇರಲಿ, ಬೇಡ ಅನ್ನೋದಿಲ್ಲ. ಆದರೆ ಅದೇ ತಟ್ಟೆಯ ಮೇಲೆ, ಭೂಮಿಯ ಮೇಲಿನ ಸಮಸ್ತ ಜನರ ಪರವಾಗಿ, ನಾವು ಶಾಂತಿ ಮತ್ತು ಸ್ನೇಹವನ್ನಷ್ಟೇ ಹುಡುಕಿಕೊಂಡು ಬಂದವರು ಅಂತ ಇಂಗ್ಲಿಷಿನಲ್ಲಿ ಮಾತಾಡಿದವನು ಯಾರು ಗೊತ್ತೆ? ಅಂದಿನ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್. ಸಮಸ್ತ ಜನ ಅಂದರೆ ನಮ್ಮ ಕೇರಿಯವರೂ ಸೇರಿದರು. ನಮ್ಮನ್ನು ಕೇಳದೆ ನಮ್ಮ ಪರವಾಗಿ ಮಾತಾಡುವವರು ನಮಗೇನೂ ಹೊಸಬರಲ್ಲ ಬಿಡಿ. ಈಗ ಆ ದನಿ ಎರಡು ಸಾವಿರ ಕೋಟಿ ಕಿಲೋಮೀಟರಿಗೂ ಆಚೆ ಹೋಗಿದೆ. ವಾಪಸು ಕರೆಸುವ ಹಾಗಿಲ್ಲ.

ಈತ ಆಸ್ಟ್ರಿಯದವನು. 1918ರಲ್ಲಿ ವಿಯೆನ್ನಾ ಹತ್ತಿರದ ಸಣ್ಣ ಊರಿನಲ್ಲಿ ಹುಟ್ಟಿದ, ಶಾಲಾ ಮೇಷ್ಟ್ರ ಮಗ. ಕಾನೂನು ಓದಿ ಡಾಕ್ಟರೇಟ್ ಮಾಡಿದ. ಯುದ್ಧ ಮುಗಿದ 1945ರಲ್ಲೇ ವಿದೇಶಾಂಗ ಇಲಾಖೆಯ ಕೆಲಸಕ್ಕೆ ಸೇರಿದ. ರಾಯಭಾರಿಯಾದ, 1968ರಿಂದ 1970ರವರೆಗೆ ವಿದೇಶಾಂಗ ಮಂತ್ರಿಯಾದ. 1971ರಲ್ಲಿ ಅಧ್ಯಕ್ಷ ಪದವಿಗೆ ನಿಂತು ಸೋತ. ಸೋತ ವರ್ಷದ ಕೊನೆಗೇ ವಿಶ್ವಸಂಸ್ಥೆಯ ಗದ್ದುಗೆ ಸಿಕ್ಕಿತು. 1972ರಿಂದ 1981ರವರೆಗೆ ಭರ್ತಿ ಹತ್ತು ವರ್ಷ. ಮೂರನೆಯ ಸಲವೂ ಬೇಕು ಅಂದ. ಚೀನಾ ಹದಿನಾರು ಸುತ್ತು ಅಡ್ಡಗಾಲು ಹಾಕಿ ಕೆಳಗಿಳಿಸಿತು. ಊರಿಗೆ ಬಂದವನು 1986ರಲ್ಲಿ ಆಸ್ಟ್ರಿಯದ ಅಧ್ಯಕ್ಷನೇ ಆಗಿಬಿಟ್ಟ. ಜಗತ್ತಿನ ಗುಮಾಸ್ತ ದೇಶದ ದೊರೆಯಾದ.

ನಡುವೆ ಒಂದು ಲೆಕ್ಕ ತಪ್ಪಿತ್ತು. 1942ರಿಂದ 1945ರವರೆಗಿನ ಲೆಕ್ಕ.

1985ರಲ್ಲಿ ಈತನ ಆತ್ಮಕಥೆ ಬಂತು. ಅದರಲ್ಲಿ ಹಿಟ್ಲರನ ಸೈನ್ಯದಲ್ಲಿ ರಷ್ಯಾ ಕಡೆ ಹೋಗಿದ್ದು, 1941ರ ಡಿಸೆಂಬರಿನಲ್ಲಿ ಕಾಲಿಗೆ ಗಾಯವಾಗಿದ್ದು, ಆಮೇಲೆ ಊರಿಗೆ ಬಂದು ಓದು ಮುಂದುವರಿಸಿದ್ದು ಎಲ್ಲ ಇದೆ. ಓದಿದವರು ಪಾಪ, ಗಾಯಾಳು ವಿದ್ಯಾರ್ಥಿ ಅಂದುಕೊಳ್ಳಬೇಕು, ಹಾಗಿದೆ. ಆದರೆ 1986ರ ಮಾರ್ಚಿನಲ್ಲಿ, ಚುನಾವಣೆಗೆ ಇನ್ನೆರಡು ತಿಂಗಳಿದೆ ಅನ್ನುವಾಗ, ಹುಬರ್ಟಸ್ ಚೆರ್ನಿನ್ ಎಂಬ ಇನ್ನೂ ಮೂವತ್ತು ತುಂಬಿದ ಪತ್ರಕರ್ತ ವಿಯೆನ್ನಾದ 'ಪ್ರೊಫಿಲ್' ವಾರಪತ್ರಿಕೆಯಲ್ಲಿ ಹಳೆಯ ಸೈನ್ಯದ ಕಡತ ಬಿಚ್ಚಿದ. ಹಿಂದೆಯೇ ನ್ಯೂಯಾರ್ಕಿನ ಪತ್ರಿಕೆ, ವಿಶ್ವ ಯಹೂದಿ ಕಾಂಗ್ರೆಸ್ಸು ಮತ್ತಷ್ಟು ದಾಖಲೆ ಹೊರಗೆ ಹಾಕಿದವು. ಗಾಯ ವಾಸಿಯಾದ ಮೇಲೆ ಈತ ಊರಿನಲ್ಲಿ ಕೂತಿರಲಿಲ್ಲ. ಬಾಲ್ಕನ್ ದೇಶಗಳಲ್ಲಿದ್ದ. ಯುಗೋಸ್ಲಾವಿಯ, ಗ್ರೀಸ್. ಅಧಿಕಾರಿಯಾಗಿದ್ದ.

1942ರ ಬೇಸಿಗೆಯಲ್ಲಿ ಬೋಸ್ನಿಯದ ಕೊಜಾರಾ ಬೆಟ್ಟದಲ್ಲಿ ಬಂಡಾಯಗಾರರನ್ನು ಅಡಗಿಸುವ ಹೆಸರಿನಲ್ಲಿ ಜರ್ಮನರೂ ಅವರ ಬಾಲಬಡುಕ ಕ್ರೊಯೇಷಿಯ ಸರ್ಕಾರದ ಉಸ್ತಾಷಾಗಳೂ ಸೇರಿ ಹಳ್ಳಿಹಳ್ಳಿಯನ್ನೇ ಗುಡಿಸಿದರು. ಹೆಂಗಸರು ಮಕ್ಕಳು ಮುದುಕರು ಅನ್ನದೆ ಹತ್ತಾರು ಸಾವಿರ ಜನರನ್ನು ದನ ಅಟ್ಟಿದ ಹಾಗೆ ಅಟ್ಟಿಕೊಂಡು ಹೋಗಿ ಸಾವಿನ ಶಿಬಿರಗಳಿಗೆ ತುಂಬಿದರು. ಆ ದಂಡಿನ ಸರಬರಾಜು ವಿಭಾಗದಲ್ಲಿ ಈತ ಇದ್ದ. ಆ ಜುಲೈನಲ್ಲಿ ಕ್ರೊಯೇಷಿಯ ಸರ್ಕಾರ ಈತನ ಎದೆಗೆ ಬೆಳ್ಳಿ ಪದಕ ಸಿಕ್ಕಿಸಿತು. ಯಾವ ಶೌರ್ಯಕ್ಕೆ ಅಂತ ಕೇಳಿದರೆ ಅದೆಲ್ಲ ಸುಮ್ಮನೆ ಹಂಚುತ್ತಿದ್ದ ಪದಕ ಅಂದ. ಇರಬಹುದು. ನಮ್ಮಲ್ಲೂ ಪದಕಗಳು ಸುಮ್ಮನೆ ಹಂಚಿಕೆಯಾಗುತ್ತವೆ. ಆದರೆ ಯಾರಿಗೆ ಹಂಚಿಕೆಯಾಗುವುದಿಲ್ಲ ಅನ್ನೋದು ನಮಗೆ ಗೊತ್ತು.

ಆಮೇಲೆ ಗ್ರೀಸಿನ ಥೆಸಲೋನಿಕಿ ಎಂಬ ಪಟ್ಟಣ. ಆ ಪಟ್ಟಣದ ಪಕ್ಕದ ಗುಡ್ಡದ ಮೇಲೆ ಅರ್ಸಕ್ಲಿ ಎಂಬ ಹಳ್ಳಿಯಲ್ಲಿ ಈತನ ಸೇನೆಯ ಮುಖ್ಯ ಕಚೇರಿ. ಪಟ್ಟಣದಲ್ಲಿ ಐವತ್ತು ಸಾವಿರದಷ್ಟು ಯಹೂದಿಗಳಿದ್ದರು, ಐದು ಜನಕ್ಕೆ ಒಬ್ಬರು. ಹಮಾಲಿಗಳು, ಬಂದರಿನ ಕೂಲಿಗಳು, ಹೊಗೆಸೊಪ್ಪಿನ ಕೆಲಸದವರು, ಅಂಗಡಿಯವರು. 1942ರ ಡಿಸೆಂಬರಿನಲ್ಲಿ ಅವರ ಸ್ಮಶಾನವನ್ನೇ ಅಗೆದು ಹಾಕಿದರು. ನೂರಾರು ವರ್ಷಗಳ ಸಮಾಧಿ ಕಲ್ಲುಗಳನ್ನು ಕಟ್ಟಡಕ್ಕೆ, ನೆಲಕ್ಕೆ ಹಾಸಲು ಬಳಸಿದರು. 1943ರ ಮಾರ್ಚಿನಿಂದ ಆಗಸ್ಟಿನವರೆಗೆ ಒಂದಾದ ಮೇಲೊಂದು ಗೂಡ್ಸ್ ರೈಲು. ನಲವತ್ತೈದು ಸಾವಿರಕ್ಕೂ ಮೇಲೆ ಜನ ಆಶ್‌ವಿಟ್ಸ್‌ಗೆ. ಬಹುಪಾಲು ಜನ ಇಳಿದ ದಿನವೇ ವಿಷದ ಗಾಳಿಯ ಕೋಣೆಗೆ.

ವಾಲ್ಡ್‌ಹೈಮ್ ಏನಂದ? ನನಗೆ ಗೊತ್ತೇ ಇರಲಿಲ್ಲ ಅಂದ!

ಆ ತಿಂಗಳುಗಳಲ್ಲಿ ಒಂದಷ್ಟು ಕಾಲ ಈತ ಆಲ್ಬೇನಿಯದಲ್ಲಿದ್ದ, ಅಥೆನ್ಸಿನಲ್ಲಿದ್ದ, ಅದು ನಿಜ. ನಾವು ಸುಳ್ಳುಗಾರನ ಮೇಲೂ ಸುಳ್ಳು ಹೇಳುವುದು ಬೇಡ. ಆದರೆ ಅದರ ಹಿಂದೆಯೂ ಮುಂದೆಯೂ ಅದೇ ಗುಡ್ಡದ ಮೇಲಿದ್ದ. ಐದರಲ್ಲಿ ಒಂದು ಪಾಲು ಜನ ಇದ್ದ ಊರು ಒಂದು ಬೇಸಿಗೆಯಲ್ಲಿ ಖಾಲಿ. ಮನೆಗಳಿವೆ, ಒಳಗೆ ಬೇರೆಯವರಿದ್ದಾರೆ. ಸಮಾಧಿ ಕಲ್ಲು ಕಾಲ ಕೆಳಗಿದೆ. ಗೊತ್ತಾಗಲಿಲ್ಲವಂತೆ. ಈತನ ಕೆಲಸ ಏನು ಅಂದರೆ ಗುಪ್ತಚರ ವಿಭಾಗದ ಅಧಿಕಾರಿ. ಸುತ್ತಮುತ್ತ ಏನೇನು ನಡೆಯಿತು ಅಂತ ದಿನದಿನದ ವರದಿ ಕೂಡಿಸಿ, ಓದಿ, ಸಹಿ ಹಾಕಿ ಮೇಲಿನವರಿಗೆ ಒಪ್ಪಿಸುವುದು. ಎಲ್ಲ ಗೊತ್ತು ಮಾಡಿಕೊಳ್ಳುವುದಕ್ಕೇ ಸಂಬಳ ತಗೊಳ್ಳುತ್ತಿದ್ದವನಿಗೆ ಏನೂ ಗೊತ್ತಿರಲಿಲ್ಲ!

ಇನ್ನು ಕುದುರೆ ವಿಚಾರ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಕ್ಕೆ ಬಂದ ವರ್ಷವೇ ಈತನ ಹೆಸರು ನಾಜಿ ವಿದ್ಯಾರ್ಥಿ ಸಂಘದಲ್ಲೂ ಕಂದು ಅಂಗಿಯ ಪುಂಡರ ದಂಡಾದ ಎಸ್.ಎ.ಯ ಕುದುರೆ ಸವಾರರ ಪಡೆಯಲ್ಲೂ ಸೇರಿರುವುದು ಈತನ ಸೇವಾ ಕಾರ್ಡಿನಲ್ಲೇ ಇದೆ. ಕೇಳಿದರೆ, ನಾನು ಯಾವುದಕ್ಕೂ ಸೇರಲಿಲ್ಲ, ಕುದುರೆ ಸವಾರಿ ಕಲಿಯಲು ಹೋಗುತ್ತಿದ್ದೆ ಅಷ್ಟೆ ಅಂದ. ಆಗ ಆಸ್ಟ್ರಿಯದ ಪ್ರಧಾನಿಯಾಗಿದ್ದ ಫ್ರೆಡ್ ಜಿನೊವಾಟ್ಸ್ ಕುಟುಕಿದ: ಸರಿ, ವಾಲ್ಡ್‌ಹೈಮ್ ಆ ದಂಡಿನಲ್ಲಿರಲಿಲ್ಲ, ಅವನ ಕುದುರೆ ಮಾತ್ರ ಇತ್ತು, ಒಪ್ಪಿಕೊಂಡೆವು ಅಂತ.

ಈ ಮಾತು ಕೇಳಿ ಊರೆಲ್ಲ ನಕ್ಕಿತು. ನಾನೂ ಓದಿದಾಗ ನಕ್ಕೆ. ಆಮೇಲೆ ನಗು ನಿಂತುಹೋಯಿತು. 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೆಳಗಿನ ಕೋರ್ಟು ಎಲ್ಲ ಆರೋಪಿಗಳನ್ನೂ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋಗಿದ್ದು ನಿಜ, ಸುಟ್ಟವರು ಯಾರೂ ಇಲ್ಲ. ನಮ್ಮ ದೇಶದಲ್ಲಿ ಇಂಥ ಕುದುರೆಗಳು ಎಷ್ಟಿಲ್ಲ!

ಈಗ ಅತ್ಯಂತ ರುಚಿಕಟ್ಟಾದ ಸಂಗತಿಗೆ ಬರೋಣ. ಯುದ್ಧ ಮುಗಿದ ಮೇಲೆ ಯುಗೋಸ್ಲಾವಿಯ 1947ರಲ್ಲಿ ಈತನ ಹೆಸರನ್ನು ಯುದ್ಧಾಪರಾಧಿಗಳ ಪಟ್ಟಿಗೆ ಬರೆದಿತ್ತು. ಅದೇ ವರ್ಷ ಈತನ ದಂಡನಾಯಕ ಜನರಲ್ ಲೋರ್‌ಗೆ ಬೆಲ್‌ಗ್ರೇಡ್‌ನಲ್ಲಿ ಮರಣದಂಡನೆಯಾಗಿತ್ತು. ಗೆದ್ದ ದೇಶಗಳು ಸೇರಿ ಮಾಡಿಕೊಂಡ ಯುದ್ಧಾಪರಾಧ ಆಯೋಗ 1948ರಲ್ಲಿ ವಾಲ್ಡ್‌ಹೈಮನ ಹೆಸರನ್ನು ವಿಚಾರಣೆಗೆ ಒಳಪಡಿಸಬೇಕಾದವರ ಸಾಲಿಗೆ ಸೇರಿಸಿತು. ಆಯೋಗ ಮುಚ್ಚಿತು. ಅದರ ಕಡತಗಳು ಎಲ್ಲಿಗೆ ಹೋದವು? ನ್ಯೂಯಾರ್ಕಿಗೆ, ವಿಶ್ವಸಂಸ್ಥೆಯ ದಾಖಲೆ ಕೋಣೆಗೆ! ಹತ್ತು ವರ್ಷ ಜಗತ್ತಿಗೆಲ್ಲ ಮಾನವ ಹಕ್ಕುಗಳ ಉಪದೇಶ ಮಾಡಿದವನ ಸ್ವಂತ ಕಡತ ಅವನದೇ ಸಂಸ್ಥೆಯ ಬೀಗದೊಳಗೆ ಧೂಳು ತಿನ್ನುತ್ತಿತ್ತು. ಸದಸ್ಯ ಸರ್ಕಾರಗಳು ಕೇಳಿದ್ದರೆ ತೆಗೆದು ತೋರಿಸಬೇಕಾಗಿತ್ತು. ಯಾರೂ ಕೇಳಲಿಲ್ಲ. ಪಟ್ಟಿ ಮಾಡಿದ ಯುಗೋಸ್ಲಾವಿಯವೇ ಆಮೇಲೆ ತುಟಿ ಬಿಚ್ಚಲಿಲ್ಲ. ಹೆಸರು ಬರೆದವರಿಗೂ ಬರೆಸಿಕೊಂಡವನಿಗೂ ಮರೆಯುವುದೇ ಅನುಕೂಲವಾಗಿತ್ತು.

ವಾದ ಮಾಡುವಾಗ ನಿಯತ್ತು ಬೇಕು. ಅದಕ್ಕೇ ಇದನ್ನೂ ಹೇಳ್ತೀನಿ. ಈತ ತನ್ನ ಕೈಯಾರೆ ಒಬ್ಬನನ್ನು ಕೊಂದ ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. ನಾಜಿಗಳ ಬೆನ್ನುಹತ್ತುವುದನ್ನೇ ಬದುಕು ಮಾಡಿಕೊಂಡಿದ್ದ ಸೈಮನ್ ವೀಸೆಂತಾಲ್ ಕೂಡ ಈತನನ್ನು ಯುದ್ಧಾಪರಾಧಿ ಅನ್ನಲು ಪುರಾವೆ ಇಲ್ಲ ಅಂದಿದ್ದ. ಸ್ವಿಟ್ಜರ್ಲೆಂಡಿನ ಹಾನ್ಸ್ ರುಡಾಲ್ಫ್ ಕುರ್ಟ್ಸ್ ಮುಂದಾಳಾಗಿದ್ದ ಇತಿಹಾಸಕಾರರ ಮಂಡಳಿ 1988ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಸ್ವಂತ ಕೈಯಿಂದ ಅಪರಾಧ ಮಾಡಿದ್ದಕ್ಕೆ ಸಾಕ್ಷಿ ಇಲ್ಲ, ಆದರೆ ನಡೆಯುತ್ತಿದ್ದದ್ದು ಗೊತ್ತಿತ್ತು, ಬಲು ಹತ್ತಿರದಲ್ಲಿದ್ದ, ತಡೆಯಲು ಏನೂ ಮಾಡಲಿಲ್ಲ, ತನ್ನ ಬಗ್ಗೆ ಹೇಳಿಕೊಂಡದ್ದು ನಿಜಕ್ಕೆ ಹೊಂದುವುದಿಲ್ಲ ಅನ್ನುವುದು ಅದರ ಸಾರ. ಅದಾದ ಮೇಲೆ ವೀಸೆಂತಾಲನೇ ರಾಜೀನಾಮೆ ಕೊಡು ಅಂದ. ಈತ ಕೊಡಲಿಲ್ಲ.

ಹಾಗಾದರೆ ನಮ್ಮ ಜಗಳ ಏನು? ನಮ್ಮ ಜಗಳ ಒಂದು ಪದದ ಜೊತೆ. 'ಕರ್ತವ್ಯ'. ಲಕ್ಷಾಂತರ ಆಸ್ಟ್ರಿಯನ್ನರ ಹಾಗೆ ನಾನೂ ಸೈನಿಕನಾಗಿ ನನ್ನ ಕರ್ತವ್ಯ ಮಾಡಿದೆ, ಅಷ್ಟೆ, ಅಂದ ವಾಲ್ಡ್‌ಹೈಮ್. ಯಾರ ಕಡೆಗೆ ಕರ್ತವ್ಯ ಸ್ವಾಮಿ?

ಇಲ್ಲಿ ನಮ್ಮ ತಾತನ ಮಾತು ತರಬೇಕಾಗಿದೆ. ತಾತ ಊರ ತೋಟಿ. ಅವನ ಕಾಲದಲ್ಲಿ ಒಂದು ಸಲ ಊರವರು ನಮ್ಮ ಕೇರಿಗೆ ಬಹಿಷ್ಕಾರ ಹಾಕಿದರು. ಅಂಗಡಿಯಲ್ಲಿ ಉಪ್ಪಿಲ್ಲ, ಗಿರಣಿಯಲ್ಲಿ ರಾಗಿ ಬೀಸುವಂಗಿಲ್ಲ, ಹೊಲಕ್ಕೆ ಕೂಲಿಗೆ ಕರೆಯುವಂಗಿಲ್ಲ. ತೀರ್ಮಾನ ಮಾಡಿದವರು ಕಟ್ಟೆಯ ಮೇಲೆ ಕೂತವರು. ಬರೆದುಕೊಂಡವರು ಬರೆಯಬಲ್ಲವರು. ಅದನ್ನು ತಮಟೆ ಹೊಡೆದು ಸಾರಬೇಕಲ್ಲ, ಯಾರು ಸಾರಬೇಕು? ತೋಟಿ. ತನ್ನ ಕೇರಿಗೆ ಬಿದ್ದ ಬಹಿಷ್ಕಾರವನ್ನು ತಾನೇ ಬೀದಿಬೀದಿ ತಿರುಗಿ ಸಾರಿದ. ಕೇರಿಯೊಳಗೆ ಬಂದು, ತನ್ನ ಮನೆ ಬಾಗಿಲಲ್ಲೇ ನಿಂತು ಸಾರಿದ. ಇಲ್ಲ ಅಂದಿದ್ದರೆ ಮೈಮೇಲೆ ಚರ್ಮ ಇರುತ್ತಿರಲಿಲ್ಲ.

ಸಾಯುವವರೆಗೂ ಆ ಮುದುಕ ಅದನ್ನೇ ಹೇಳೋನು. "ನನ್ ಕೈಲೇ ಸಾರಿಸಿದ್ರು ಕಣಪ್ಪಾ... ನಾನೇ ಸಾರದೆ." ನಾನು ಕಾಲೇಜಿಗೆ ಹೋಗ್ತಿದ್ದವನು, ಬುದ್ಧಿವಂತ, ನಿನ್ನದೇನು ತಪ್ಪು ತಾತ, ನಿನ್ನ ಕೈಲೇನಿತ್ತು ಅಂತ ಸಮಾಧಾನ ಹೇಳ್ತಿದ್ದೆ. ಅವನಿಗೆ ಅದು ಬೇಕಿರಲಿಲ್ಲ. "ಕೋಲು ನನ್ ಕೈಲಿತ್ತಲ್ಲಪ್ಪಾ" ಅಂತಿದ್ದ.

ಅಕ್ಷರ ಬರದವನು, ಇಲ್ಲ ಅನ್ನುವ ಹಕ್ಕೇ ಇಲ್ಲದವನು, ಕೋಲು ತನ್ನ ಕೈಲಿತ್ತು ಅಂತ ಒಪ್ಪಿಕೊಂಡು ಸತ್ತ. ಕಟ್ಟೆಯ ಮೇಲೆ ಕೂತವರನ್ನು ಕೇಳಿ ನೋಡಿ: ಊರಿನ ತೀರ್ಮಾನ ಅಂತಾರೆ. ಬರೆದವರು ಅವರು ಹೇಳಿದರು ನಾನು ಬರೆದೆ ಅಂತಾರೆ. ಅಂಗಡಿಯವನು, ಗಿರಣಿಯವನು ನಮ್ಮದೇನಿದೆ ಅಂತಾರೆ. ವಿಯೆನ್ನಾದ ಡಾಕ್ಟರ್ ವಾಲ್ಡ್‌ಹೈಮ್ ಇವರ ವಂಶದವನು. ಕಾನೂನು ಪಂಡಿತ! ಡಾಕ್ಟರೇಟು ಬಂದದ್ದು 1944ರಲ್ಲಿ. ಗ್ರೀಸಿನ ಗುಡ್ಡದ ಮೇಲಿನ ನೌಕರಿ ನಡೆಯುತ್ತಿದ್ದ ಕಾಲದಲ್ಲೇ. ಒಂದು ಕೈಯಲ್ಲಿ ಪ್ರಬಂಧ, ಇನ್ನೊಂದು ಕೈಯಲ್ಲಿ ಹಿಡಿದವರ, ಸತ್ತವರ ಎಣಿಕೆ. ಎರಡಕ್ಕೂ ಬಳಸಿದ್ದು ಒಂದೇ ಲೇಖನಿ ಇರಬೇಕು.

ಕೊಲೆ ಮಾಡುವವನಿಗೆ ಕತ್ತಿ ಒಂದಿದ್ದರೆ ಒಬ್ಬನನ್ನೋ ಇಬ್ಬರನ್ನೋ ಕೊಂದಾನು. ನಲವತ್ತೈದು ಸಾವಿರ ಜನರನ್ನು ಸಾವಿಗೆ ಕಳಿಸಬೇಕಾದರೆ ಕತ್ತಿ ಸಾಲದು. ಪಟ್ಟಿ ಬೇಕು. ರೈಲಿನ ವೇಳಾಪಟ್ಟಿ ಬೇಕು. ಬೀಗದ ಕೈ ಎಣಿಸಿ ಇಟ್ಟುಕೊಳ್ಳುವವನು ಬೇಕು, ರಸೀದಿ ಬರೆಯುವವನು ಬೇಕು, ವರದಿ ಬೆರಳಚ್ಚು ಮಾಡಿಸಿ ಮೂಲೆಯಲ್ಲಿ ಸಣ್ಣಗೆ ಸಹಿ ಹಾಕುವವನು ಬೇಕು. ಇವರಲ್ಲಿ ಒಬ್ಬನೂ ಕೊಲೆಗಾರನಲ್ಲ! ಎಲ್ಲರೂ ಮನೆಗೆ ಹೋಗಿ ಮಕ್ಕಳನ್ನು ಎತ್ತಿ ಮುದ್ದಾಡಿದವರೇ. ಮನುವಿನ ವ್ಯವಸ್ಥೆ ನಡೆದದ್ದೂ ಹೀಗೇ ಅಲ್ಲವೆ? ನಾನು ಯಾರನ್ನೂ ಮುಟ್ಟಬೇಡಿ ಅಂದಿಲ್ಲ, ಹಿರಿಯರು ಮಾಡಿದ್ದು ನಡೆಸಿಕೊಂಡು ಬಂದೆ ಅನ್ನದವರು ನಿಮ್ಮೂರಿನಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ.

1986ರ ಆ ಚುನಾವಣೆ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸುಳ್ಳು ಬಯಲಾದ ಮೇಲೆ ಏನಾಗಬೇಕಿತ್ತು? ಜನ ಛೀ ಅನ್ನಬೇಕಿತ್ತು. ಆಗಿದ್ದು ಬೇರೆ. ನಾವು ಆಸ್ಟ್ರಿಯನ್ನರು ನಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತೇವೆ, ಹೊರಗಿನವರು ಕೇಳಲಿಕ್ಕೆ ಯಾರು ಅಂತ ಈತನ ಕಡೆಯವರು ಪೋಸ್ಟರ್ ಹಚ್ಚಿದರು. ಮಾತು ಬಾಲ್ಕನ್ನಿನ ಹೆಣಗಳಿಂದ ಜಾರಿ ದೇಶದ ಮಾನಕ್ಕೆ ಬಂದು ನಿಂತಿತು. ನ್ಯೂಯಾರ್ಕಿನ ಯಹೂದಿಗಳು ನಮ್ಮ ಮೇಲೆ ಪಿತೂರಿ ಮಾಡುತ್ತಿದ್ದಾರೆ ಅನ್ನುವ ಹಳೇ ವಿಷ ಮತ್ತೆ ಬೀದಿಗೆ ಬಂತು. ಮೇ 4ರ ಮೊದಲ ಸುತ್ತಿನಲ್ಲಿ 49.6ರಷ್ಟು ಓಟು, ಜೂನ್ 8ರ ಎರಡನೆಯ ಸುತ್ತಿನಲ್ಲಿ 53.9. ಗೆದ್ದ. ಕುದುರೆಯ ಮಾತಾಡಿದ ಜಿನೊವಾಟ್ಸನೇ ರಾಜೀನಾಮೆ ಕೊಟ್ಟು ಮನೆಗೆ ಹೋದ!

ಜನ ಯಾಕೆ ಓಟು ಹಾಕಿದರು? ಅವನನ್ನು ತಪ್ಪಿತಸ್ಥ ಅಂದರೆ ತಮ್ಮಪ್ಪನನ್ನೂ ತಪ್ಪಿತಸ್ಥ ಅನ್ನಬೇಕಾಗುತ್ತಿತ್ತು. 1938ರ ಮಾರ್ಚಿನಲ್ಲಿ ವಿಯೆನ್ನಾದ ದೊಡ್ಡ ಮೈದಾನದಲ್ಲಿ ಕಿಕ್ಕಿರಿದು ಹಿಟ್ಲರನಿಗೆ ಜೈ ಅಂದವರ ಮಕ್ಕಳು ಅವರು. 1943ರಲ್ಲಿ ಮಾಸ್ಕೋದಲ್ಲಿ ಮಿತ್ರರಾಷ್ಟ್ರಗಳು ಆಸ್ಟ್ರಿಯವೇ ಹಿಟ್ಲರನ ಮೊದಲ ಬಲಿ ಅಂದಿದ್ದವು. ಆ ಒಂದು ಸಾಲನ್ನು ತಾಯಿತ ಮಾಡಿ ಕೊರಳಿಗೆ ಕಟ್ಟಿಕೊಂಡು ನಾವೂ ಬಲಿಪಶುಗಳೇ ಅಂತ ನಲವತ್ತು ವರ್ಷ ಬದುಕಿದರು. ಹೊಡೆದವನೇ ಅಳುವ ವಿದ್ಯೆ. ಮೀಸಲಾತಿಯಿಂದ ನಮಗೆ ಅನ್ಯಾಯವಾಯಿತು ಅಂತ ನಮ್ಮಲ್ಲಿ ಅಳುವವರನ್ನು ಕಂಡವರಿಗೆ ಈ ವಿದ್ಯೆಯ ಪರಿಚಯ ಮಾಡಿಕೊಡಬೇಕಿಲ್ಲ.

ನಮ್ಮ ಗೆಳೆಯರೊಬ್ಬರು, ಓದಿಕೊಂಡವರು, ಈ ಲೇಖನದ ಮಾತು ಬಂದಾಗ ತಕರಾರು ತೆಗೆದರು. ವಾಲ್ಡ್‌ಹೈಮನ ಕಾಲದಲ್ಲೇ 1974ರಲ್ಲಿ ಪ್ಯಾಲೆಸ್ತೀನಿನ ಅರಾಫತ್ ವಿಶ್ವಸಂಸ್ಥೆಯಲ್ಲಿ ಮಾತಾಡಿದ್ದು, ಆ ಸಿಟ್ಟಿಗೇ ಅವನನ್ನು ಹಿಡಿದರು, ಇದೆಲ್ಲ ಸಾಮ್ರಾಜ್ಯಶಾಹಿಯ ಆಟ ಅಂದರು. ಆಟ ಇದ್ದೀತು. ಅಮೆರಿಕ 1987ರ ಏಪ್ರಿಲಿನಲ್ಲಿ ಈತನನ್ನು ತನ್ನ ನೆಲದ ಮೇಲೆ ಕಾಲಿಡಬಾರದವರ ಪಟ್ಟಿಗೆ ಸೇರಿಸಿತು. ಅದೇ ಅಮೆರಿಕ, ಹಿಟ್ಲರನಿಗೆ ರಾಕೆಟ್ಟು ಮಾಡಿಕೊಟ್ಟ, ಆ ರಾಕೆಟ್ಟಿಗಾಗಿ ಶಿಬಿರದ ಕೈದಿಗಳು ಜೀತ ಮಾಡಿ ಸಾಯುವುದನ್ನು ಕಂಡಿದ್ದ ವೆರ್ನರ್ ಫಾನ್ ಬ್ರೌನನನ್ನು ಕರೆತಂದು ಚಂದ್ರನಿಗೆ ಹೋಗುವ ರಾಕೆಟ್ಟು ಮಾಡಿಸಿಕೊಂಡಿತು. 1981ರಲ್ಲಿ ಟಾಂಜಾನಿಯದ ಸಲೀಂ ಅಹ್ಮದ್ ಸಲೀಂ ಎಂಬ ಆಫ್ರಿಕದ ಮನುಷ್ಯ ಆ ಗದ್ದುಗೆಗೆ ಬರುವುದನ್ನು ವೀಟೋ ಹಾಕಿ ತಡೆದದ್ದೂ ಅದೇ ಅಮೆರಿಕ. ಇದೆಲ್ಲ ಸರಿ ಗೆಳೆಯರೆ. ಆದರೆ ಅದರಿಂದ ಥೆಸಲೋನಿಕಿಯ ಹಮಾಲಿ ಬದುಕಿ ಬರುತ್ತಾನಾ? ಪ್ಯಾಲೆಸ್ತೀನಿನ ನ್ಯಾಯಕ್ಕೆ ನಾಜಿ ಸೇನೆಯ ಅಧಿಕಾರಿಯ ವಕಾಲತ್ತು ಬೇಕಾಗಿಲ್ಲ. ಆ ಜನರ ನೋವು ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲದು.

ಇನ್ನೊಬ್ಬರು ಕೇಳಿದರು: ಕೇರಿಗೆ ಕುಡಿಯೋ ನೀರಿಲ್ಲ, ನಿನಗ್ಯಾಕಯ್ಯಾ ಆಸ್ಟ್ರಿಯ?

ಹೇಳ್ತೀನಿ. 1946ರಲ್ಲಿ ವಿಶ್ವಸಂಸ್ಥೆ ಇನ್ನೂ ಹಸುಗೂಸು. ಅಮೆರಿಕದ ಕರಿಯರು ತಮ್ಮ ಗೋಳನ್ನು ಅದರ ಮುಂದೆ ಮನವಿಯಾಗಿ ಇಟ್ಟ ಸುದ್ದಿ ಬಾಬಾಸಾಹೇಬರಿಗೆ ತಲುಪಿತು. ಕೂಡಲೇ ಕರಿಯರ ಹಿರಿಯ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದರು. ನಿಮ್ಮ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ, ನಾವೂ ಹಾಗೇ ಮಾಡುವ ಯೋಚನೆಯಲ್ಲಿದ್ದೇವೆ, ಆ ಮನವಿಯ ಎರಡು ಮೂರು ಪ್ರತಿ ಕಳಿಸಿಕೊಡಿ ಅಂತ. ಡುಬಾಯ್ಸ್ ಆ ಜುಲೈ ಕೊನೆಗೆ ಪ್ರೀತಿಯಿಂದ ಉತ್ತರ ಬರೆದರು. ಆ ಬಾಗಿಲ ಮೇಲೆ ನಮ್ಮವರಿಗೂ ಒಂದು ಕಣ್ಣಿತ್ತು. ಇಪ್ಪತ್ತಾರು ವರ್ಷ ಕಳೆದು ಆ ಬಾಗಿಲೊಳಗಿನ ಕುರ್ಚಿಯಲ್ಲಿ ಕೂತವನು ಇಂಥವನು.

ಐವತ್ತೈದು ವರ್ಷ ಕಳೆದು, 2001ರ ಆಗಸ್ಟ್ ಕೊನೆಗೆ, ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆ ಜನಾಂಗಭೇದದ ವಿರುದ್ಧ ಮಹಾ ಸಮ್ಮೇಳನ ಕರೆಯಿತು. ನಮ್ಮ ದಲಿತ ಕಾರ್ಯಕರ್ತರು ನೂರಾರು ಜನ ಸಮುದ್ರ ದಾಟಿ ಹೋದರು. ತಮಟೆ ಹಿಡಿದು ಹೋದರು. ಜಾತಿಯ ಮಾತೂ ಕಾಗದದ ಮೇಲೆ ಬರಲಿ ಅಂದರು. ಭಾರತ ಸರ್ಕಾರ ಏನಂದಿತು? ಜಾತಿ ಜನಾಂಗ ಅಲ್ಲ, ಅದು ನಮ್ಮ ಮನೆಯೊಳಗಿನ ವಿಷಯ, ಇಲ್ಲಿ ತರಬೇಡಿ. ಕೊನೆಯ ಘೋಷಣೆಯಲ್ಲಿ ಜಾತಿ ಬರಲೇ ಇಲ್ಲ. ಹೊರಗಿನವರು ಕೇಳಲಿಕ್ಕೆ ಯಾರು ಎಂಬ ವಿಯೆನ್ನಾದ ಪೋಸ್ಟರ್ ದಿಲ್ಲಿಯ ಭಾಷೆಯಲ್ಲಿ ಮತ್ತೆ ಅಂಟಿತು. ಅದಕ್ಕೇ ನನಗೆ ಆಸ್ಟ್ರಿಯ.

ಆಸ್ಟ್ರಿಯದಲ್ಲಿ ಎಲ್ಲರೂ ಓಟು ಹಾಕಿ ಸುಮ್ಮನೆ ಕೂರಲಿಲ್ಲ, ಅದನ್ನೂ ಬರೆಯಬೇಕು. ಲೇಖಕರು, ವಿದ್ಯಾರ್ಥಿಗಳು, ಕಲಾವಿದರು ಒಟ್ಟಾದರು. ಶಿಲ್ಪಿ ಆಲ್‌ಫ್ರೆಡ್ ಹರ್ಡ್ಲಿಚ್ಕಾನ ಯೋಚನೆಯಂತೆ ಆಳೆತ್ತರ ಮೀರಿದ ಒಂದು ಮರದ ಕುದುರೆ ಮಾಡಿ, ತಲೆಗೆ ಆ ಪುಂಡರ ದಂಡಿನ ಟೋಪಿ ಹಾಕಿ ಬೀದಿಗೆ ತಂದು ನಿಲ್ಲಿಸಿದರು. ಭಾಷಣ ಬೇಡ, ಕರಪತ್ರ ಬೇಡ. ಕುದುರೆ ನಿಂತಿದ್ದರೆ ಸಾಕು, ನೋಡಿದವನಿಗೆ ಅರ್ಥ. ನಮ್ಮ ಬೀದಿ ನಾಟಕದ ತಂಡಗಳು ಗಮನಿಸಬೇಕು. ಒಂದು ಮರದ ಕುದುರೆ ಮಾಡಿದ ಕೆಲಸವನ್ನು ಎಷ್ಟೋ ಸಲ ನಮ್ಮ ಮೂರು ಗಂಟೆಯ ಭಾಷಣಗಳು ಮಾಡುವುದಿಲ್ಲ. (ನನ್ನ ಭಾಷಣವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.) 1988ರಲ್ಲಿ ಥಾಮಸ್ ಬೆರ್ನ್‌ಹಾರ್ಡ್ ಆ ಹಿಟ್ಲರ್ ಮೈದಾನದ ಹೆಸರಿಟ್ಟೇ ನಾಟಕ ಬರೆದ, ದೇಶಕ್ಕೆ ದೇಶವೇ ಉರಿದುಬಿತ್ತು. ಬೇರೆ ದೇಶಗಳ ದೊರೆಗಳು ಈ ಅಧ್ಯಕ್ಷನನ್ನು ಮನೆಗೆ ಕರೆಯಲು ಹಿಂಜರಿದರು. ಪೋಪ್ ಕರೆದ, ಕೆಲವು ಅರಬ್ ದೊರೆಗಳು ಕರೆದರು. ಕೊನೆಗೆ 1991ರ ಜುಲೈನಲ್ಲಿ ಪ್ರಧಾನಿ ಫ್ರಾನ್ಸ್ ವ್ರಾನಿಟ್ಸ್ಕಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಆಸ್ಟ್ರಿಯದವರಿಗೂ ಆ ಪಾಪದಲ್ಲಿ ಪಾಲಿದೆ ಅಂತ ಒಪ್ಪಿಕೊಂಡ. ವಾಲ್ಡ್‌ಹೈಮ್ ಮರುವರ್ಷ ಎರಡನೆಯ ಸಲಕ್ಕೆ ನಿಲ್ಲದೆ ಇಳಿದ. ನಲವತ್ತಾರು ವರ್ಷ ಹಿಡಿಯಿತು ಒಂದು ದೇಶಕ್ಕೆ ಒಂದು ವಾಕ್ಯ ಹೇಳಲಿಕ್ಕೆ. ಅಸ್ಪೃಶ್ಯತೆಯಲ್ಲಿ ನಮ್ಮದೂ ಪಾಲಿದೆ ಅಂತ ನಮ್ಮ ಪಾರ್ಲಿಮೆಂಟಿನಲ್ಲಿ ಯಾವ ಪ್ರಧಾನಿ ಎದ್ದು ನಿಂತು ಹೇಳುತ್ತಾನೆ? ಯಾವ ಮಠಾಧೀಶ ಹೇಳುತ್ತಾನೆ?

ಈಗ ನಮ್ಮ ಕಡೆಗೇ ಬೆರಳು ತಿರುಗಿಸಬೇಕು. ನೋವಾಗುತ್ತದೆ, ಆದರೂ.

ನಾವು ಮೊದಲ ತಲೆಮಾರಿನ ಪದವೀಧರರು. ಕೇರಿಯಿಂದ ಹೊರಟು ಹಾಸ್ಟೆಲಿನ ಮುದ್ದೆ ತಿಂದು ಓದಿದವರು. ನಮ್ಮಲ್ಲೂ ತಹಶೀಲ್ದಾರರಾಗಿದ್ದಾರೆ, ಪೊಲೀಸ್ ಸಾಹೇಬರಾಗಿದ್ದಾರೆ. ಕುರ್ಚಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕುರ್ಚಿಗಾಗಿಯೇ ಹೋರಾಡಿದ್ದು. ಆದರೆ ಬಗರ್‌ಹುಕುಂ ಅರ್ಜಿ ತಿರಸ್ಕರಿಸಿದ ಕಾಗದದ ಕೆಳಗೆ ನಮ್ಮವನದೇ ಸಹಿ ಇರುತ್ತದಲ್ಲ, ಅದಕ್ಕೇನು ಹೇಳೋಣ? ಮಲಗುಂಡಿಗೆ ಇಳಿದು ಸತ್ತವನನ್ನು ಕಾಲು ಜಾರಿ ಬಿದ್ದು ಸತ್ತ ಅಂತ ಬರೆದ ಪಂಚನಾಮೆಗೆ ನಮ್ಮವನೇ ಸಾಕ್ಷಿಯಾದರೆ? ಕೇಳಿದರೆ ಅವನೂ ಅದನ್ನೇ ಹೇಳ್ತಾನೆ: "ಮೇಲಿನಿಂದ ಆರ್ಡರ್ ಇತ್ತು ಬ್ರದರ್, ಡ್ಯೂಟಿ ಮಾಡ್ದೆ ಅಷ್ಟೆ." ಜೈ ಭೀಮ್ ಅಂತ ಕೈಯೆತ್ತಿದ ಕೈಯೇ ಅದು. 1956ರ ಮಾರ್ಚಿನಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರೇ ನನಗೆ ಮೋಸ ಮಾಡಿದರು ಅಂತ ಕಣ್ಣೀರು ಹಾಕಿದ್ದನ್ನು ನಾವು ವರ್ಷಕ್ಕೊಮ್ಮೆ ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಚಪ್ಪಾಳೆ ಹೊಡೆಯುವವರೂ ಓದಿದವರೇ, ಹೇಳುವವನೂ ಓದಿದವನೇ.

ಮೇಷ್ಟ್ರೆ, ನಿಮ್ಮನ್ನೂ ಬಿಡುವುದಿಲ್ಲ. ಬಿಸಿಯೂಟಕ್ಕೆ ನಮ್ಮ ಹುಡುಗರನ್ನು ಬೇರೆ ಸಾಲಿನಲ್ಲಿ ಕೂರಿಸುವುದನ್ನು ಕಂಡೂ ತನಿಖೆಗೆ ಬಂದವರ ಮುಂದೆ "ನಮ್ಮ ಶಾಲೆಯಲ್ಲಿ ಅಂಥದ್ದೇನೂ ಇಲ್ಲ ಸಾರ್" ಅಂತ ಬರೆದುಕೊಟ್ಟವರು ಈ ಪತ್ರಿಕೆಯ ಚಂದಾದಾರರಲ್ಲಿ ಒಬ್ಬರೂ ಇಲ್ಲ ಅಂತ ನಾನು ನಂಬಲಾರೆ. ನಿಮಗೆ ಊರಿನ ಭಯ ಇದೆ, ವರ್ಗಾವಣೆ ಭಯ ಇದೆ, ಗೊತ್ತು. ನಮ್ಮ ತಾತನಿಗಿದ್ದಷ್ಟು ಇದೆಯಾ?

ವಾಲ್ಡ್‌ಹೈಮ್ 2007ರ ಜೂನ್ 14ರಂದು ಸತ್ತ, ಎಂಬತ್ತೆಂಟು ವಯಸ್ಸು. ಸತ್ತ ಮೇಲೆ ಅವನು ಬರೆದಿಟ್ಟ ಕೊನೆಯ ಕಾಗದ ಹೊರಬಂತು. ಆ ಕಾಲದ ಬಗ್ಗೆ ತಾನು ಮಾತಾಡಲು ತಡ ಮಾಡಿದೆ, ವಿರೋಧಿಸಿದವರ ಜೊತೆ ರಾಜಿಯಾಗಬೇಕು ಅನ್ನುವ ಅರ್ಥದ ಮಾತು ಅದರಲ್ಲಿದೆ. ತಡ ಅಂದರೆ ಅರವತ್ತು ವರ್ಷಕ್ಕೂ ಮೇಲೆ. ಅಷ್ಟು ಹೊತ್ತಿಗೆ ರಾಜಿಗೆ ಬರಬೇಕಾದವರು ಎಲ್ಲಿದ್ದರು? ಕೊಜಾರಾದ ಹೆಂಗಸರು ಮಣ್ಣಾಗಿದ್ದರು. ಥೆಸಲೋನಿಕಿಯ ಸ್ಮಶಾನದ ಮೇಲೆ ವಿಶ್ವವಿದ್ಯಾಲಯ ಎದ್ದು ನಿಂತಿತ್ತು.

ಇಲ್ಲಿ ಬರೆದದ್ದು ಒಪ್ಪದ ಅಧಿಕಾರಿ ಮಿತ್ರರು, ಮೇಷ್ಟ್ರುಗಳು ಮುಂದಿನ ಸಂಚಿಕೆಗೆ ಬರೆಯಲಿ. ಬೈದೇ ಬರೆಯಲಿ, ಸಂಪಾದಕರು ಅಚ್ಚು ಹಾಕುತ್ತಾರೆ. ಆದರೆ ಕಾಗದದ ಕೆಳಗೆ ಸಹಿ ಇರಲಿ, ಓದಲು ಬರುವ ಹಾಗೆ.